ಕಂತಿನ ಕಾರ್ಡು ಹಿಡಿದು ಕಡಲಾಚೆಗೆ: ಸಂಘದ ಸಾಲದ ಮೂಲ ಹುಡುಕುವ ಬಗೆ

ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ಸಂಜೆ, ಗಂಟೆ ಏಳೂವರೆ ಇರಬಹುದು, ನಮ್ಮ ಕೇರಿಯ ಕೊನೆಯ ಮನೆಯ ದಣಪೆಯ ಹೊರಗೆ ಕಂತಿನ ಹುಡುಗ, ಅಂದರೆ ಸಾಲ ಕೊಟ್ಟ ಕಂಪನಿಯ ಪರವಾಗಿ ವಸೂಲಿಗೆ ಬರುವವನು, ಬೈಕು ನಿಲ್ಲಿಸಿಕೊಂಡು ನಿಂತಿದ್ದ. ಮಳೆಯ ಸದ್ದನ್ನು ಮೀರಿ ಕೂಗುತ್ತಿದ್ದುದರಿಂದ ಅವನ ಮಾತು ಅಕ್ಕಪಕ್ಕದ ಮೂರು ಮನೆಗೂ ಕೇಳಿತು. "ಕಟ್ಟಲಾಗದವರು ಸಾಲ ಏಕೆ ತೆಗೆದುಕೊಳ್ಳಬೇಕಿತ್ತು? ಮಾರಲು ಮನೆಯಲ್ಲಿ ಒಂದು ಪಾತ್ರೆಯೂ ಇಲ್ಲವೇ?" ಮರುದಿನ ಬೆಳಿಗ್ಗೆ ಆ ಮನೆಯ ಹೆಂಗಸು, ಹಂಗಾಮಿನಲ್ಲಿ ಅಡಿಕೆ ಸುಲಿಯುವವಳು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಸಾಲದ ಕಾರ್ಡನ್ನು ನನ್ನ ಜಗಲಿಯ ಮೇಲಿಟ್ಟು ಹೇಳಿದ್ದು ಒಂದೇ ಮಾತು: "ದುಡ್ಡು ಹೋದರೆ ಹೋಗಲಿ, ಮರ್ಯಾದೆ ಹೋಯಿತು."

ನಾನು ವಕೀಲನಲ್ಲ. ಹೊಸನಗರ ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ 31 ವರ್ಷ ಲೆಡ್ಜರ್ ಬರೆದು ನಿವೃತ್ತನಾದ ಗುಮಾಸ್ತ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಗೆರೆ ಎಳೆದು ನೋಡುವುದೊಂದೇ ನನಗೆ ಗೊತ್ತಿರುವ ವಿದ್ಯೆ. ಆ ವಿದ್ಯೆಯನ್ನೇ ನಂಬಿಕೊಂಡು ಕಾರ್ಡಿನ ಬೆನ್ನು ಹತ್ತಿದೆ. ಅದು ಶಿವಮೊಗ್ಗದ ಶಾಖೆಯಿಂದ ಮುಂಬೈಗೆ, ಅಲ್ಲಿಂದ ಯುರೋಪಿನ ಒಂದು ಸರ್ಕಾರಿ ಅಭಿವೃದ್ಧಿ ಬ್ಯಾಂಕಿಗೆ ಕರೆದುಕೊಂಡು ಹೋಯಿತು. ದಾರಿಯ ಪ್ರತಿ ಮೆಟ್ಟಿಲಿನಲ್ಲೂ ಯಾರೋ ಒಬ್ಬರು ಸಾಲಗಾರರನ್ನು ಗೌರವದಿಂದ ನಡೆಸಿಕೊಳ್ಳುವುದಾಗಿ ಬರೆದು ಸಹಿ ಹಾಕಿದ್ದರು. ಅವಳು ಮರ್ಯಾದೆ ಎಂದದ್ದನ್ನು ಅಲ್ಲಿ ಮಾನವ ಹಕ್ಕು ಎಂದು ಬರೆದಿತ್ತು. ಆ ಸಹಿಗಳನ್ನು ಹುಡುಕಿ ಉಪಯೋಗಕ್ಕೆ ತರುವ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ. ಸಾಲಗಾರರೇ ಓದಬೇಕೆಂದಿಲ್ಲ, ಊರಿನಲ್ಲಿ ಕನ್ನಡಕ ಇರುವ ಯಾರಾದರೊಬ್ಬರು ಓದಿಕೊಂಡರೂ ಸಾಕು.

ಕಾರ್ಡನ್ನು ಓದುವುದು

ಊರಿನಲ್ಲಿ ಸಂಘದ ಸಾಲ ಎನ್ನುವುದು ಸಹಕಾರ ಸಂಘದ ಸಾಲವಲ್ಲ, ಹೆಂಗಸರ ಗುಂಪು ಕಟ್ಟಿ ಕಂಪನಿ ಕೊಡುವ ಕಿರುಸಾಲ. ಕಿರುಸಾಲಕ್ಕೆಂದೇ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಟ್ಟ ಸಾಲ ಕಿರುಸಾಲ. ಕೊಟ್ಟವರು ಬ್ಯಾಂಕಾದರೂ ಸರಿ, ಫೈನಾನ್ಸ್ ಕಂಪನಿಯಾದರೂ ಸರಿ. ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬಡ್ಡಿ, ಶುಲ್ಕ, ವಿಮೆ ಎಲ್ಲವನ್ನೂ ಒಂದು ವಿವರಪಟ್ಟಿಯಲ್ಲಿ ಕೊಡಬೇಕು; ಅದರಲ್ಲಿ ಬರೆಯದ ಶುಲ್ಕವನ್ನು ಕೇಳುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ತಡವಾದರೆ ದಂಡ ಬೀಳುವುದು ಬಾಕಿಯಾದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲಲ್ಲ.

ಇನ್ನು ಬಡ್ಡಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಎಷ್ಟು ಬಡ್ಡಿ ಎಂದು ಹೆಂಗಸರನ್ನು ಕೇಳಿದರೆ "ನೂರಕ್ಕೆ ಹದಿನಾಲ್ಕಂತೆ" ಎನ್ನುತ್ತಾರೆ, ಏಕೆಂದರೆ ಅವರಿಗೆ ಯಾರೋ ಹಾಗೆ ಹೇಳಿರುತ್ತಾರೆ. 40,000 ರೂಪಾಯಿ ಸಾಲ, 24 ತಿಂಗಳು ಎಂದಿಟ್ಟುಕೊಳ್ಳಿ. ಶೇಕಡಾ 14ರಂತೆ ಎರಡು ವರ್ಷಕ್ಕೆ 11,200 ಬಡ್ಡಿ, ಒಟ್ಟು 51,200, ತಿಂಗಳಿಗೆ 2,133 ರೂಪಾಯಿ. ನಲವತ್ತು ಸಾವಿರ ಎರಡು ವರ್ಷವೂ ನಿಮ್ಮ ಕೈಯಲ್ಲೇ ಇತ್ತು ಎಂದುಕೊಂಡು ಹಾಕಿದ ಲೆಕ್ಕ ಇದು. ಎಲ್ಲಿತ್ತು? ಅಸಲು ತಿಂಗಳು ತಿಂಗಳೂ ಕರಗುತ್ತದೆ. ಒಂದು ವರ್ಷ ಕಟ್ಟಿದ ಹೊತ್ತಿಗೆ ನಿಮ್ಮ ಬಳಿ ಉಳಿದ ಅಸಲು ಸುಮಾರು 22,500 ಮಾತ್ರ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ ಹದಿನಾಲ್ಕು ಇಪ್ಪತ್ತೈದರ ಹತ್ತಿರ ಬರುತ್ತದೆ. ಅರ್ಜಿ ಶುಲ್ಕ, ವಿಮೆ ಎಂದು 1,600 ಹಿಡಿದುಕೊಂಡು 38,400 ಮಾತ್ರ ಕೈಗಿಟ್ಟಿದ್ದರೆ ಶೇಕಡಾ 29 ದಾಟುತ್ತದೆ. ವಿವರಪಟ್ಟಿಯಲ್ಲಿ 'ವಾರ್ಷಿಕ ಶೇಕಡಾವಾರು ದರ' ಎಂಬ ಸಾಲನ್ನು ಹುಡುಕಿ, ಬೆರಳಿಟ್ಟು ಓದಿ. ಎಲ್ಲವೂ ಸೇರಿದ ಬೆಲೆ ಅದು. ಬಾಯಿಮಾತಿನ ಬಡ್ಡಿಯನ್ನು ಮರೆತುಬಿಡಿ.

ಕಿರುಸಾಲದ ಬಡ್ಡಿಗೆ ಮೊದಲಿದ್ದ ಮಿತಿಯನ್ನು 2022ರ ನಿಯಮಗಳು ತೆಗೆದುಹಾಕಿದವು. ದರವನ್ನು ಈಗ ಕಂಪನಿಯ ಆಡಳಿತ ಮಂಡಳಿಯೇ ನಿರ್ಧರಿಸುತ್ತದೆ. ಇದು ನನಗೆ ಹಿಡಿಸದ ವಿಷಯ, ಆದರೆ ನನಗೆ ಹಿಡಿಸಲಿಲ್ಲವೆಂದು ದೂರು ನಿಲ್ಲುವುದಿಲ್ಲ. ದೂರು ನಿಲ್ಲುವುದು ಇನ್ನೊಂದು ಕಡೆ: ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂಬ ನಿಯಮವಿದೆ. ಹಾಗಾದರೆ ಕಂಪನಿ ಅವಳ ಆದಾಯ ಎಷ್ಟೆಂದು ಬರೆದುಕೊಂಡಿತ್ತು? ಅರ್ಜಿಯ ಪ್ರತಿ ತರಿಸಿ ನೋಡಿದೆ. ತಿಂಗಳಿಗೆ 20,000!

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿಯ ಆಚೀಚೆ ಕೊನೆಕೊಯ್ಲು ಶುರುವಾದರೆ ಸಂಕ್ರಾಂತಿ ಕಳೆಯುವವರೆಗೆ ಸುಲಿಯುವ ಕೆಲಸ. ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕೂತರೆ ನಾಲ್ಕು ಕಾಸು ಕಾಣುತ್ತದೆ. ಅರ್ಜಿ ಬರೆದದ್ದು ಡಿಸೆಂಬರಿನಲ್ಲಿ. ಡಿಸೆಂಬರಿನ ದುಡಿಮೆಯನ್ನೇ ಹನ್ನೆರಡು ತಿಂಗಳಿಗೂ ಹಂಚಿಬಿಟ್ಟಿದ್ದರು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಕೊಳೆ ಔಷಧಿ ಹೊಡೆಯುವವರಿಗಷ್ಟೇ ಕೆಲಸ, ಹೆಂಗಸರಿಗೆ ಅದೂ ಇಲ್ಲ. ಎಲೆಚುಕ್ಕಿ ರೋಗ ಬಂದ ತೋಟಗಳಲ್ಲಿ ಹಂಗಾಮಿನ ಸುಲಿತವೂ ಕಡಿಮೆಯಾಗಿದೆ. ಕಂತಿಗೆ ಮಳೆ ನಕ್ಷತ್ರ ಗೊತ್ತಿಲ್ಲ.

ಅವಳ ಹೆಸರಿನಲ್ಲಿ ಬೇರೆ ಎಷ್ಟು ಸಾಲಗಳಿವೆ ಎಂದು ನೋಡಲು ಸಾಲದ ಚರಿತ್ರೆಯ ವರದಿಯನ್ನು ತರಿಸಬಹುದು. ಊರಿನಲ್ಲಿ ಎಲ್ಲರೂ 'ಸಿಬಿಲ್' ಎನ್ನುತ್ತಾರೆ. ವಾಸ್ತವದಲ್ಲಿ ಅಂಥ ಸಂಸ್ಥೆಗಳು ನಾಲ್ಕಿವೆ, ಸಂಘದ ಸಾಲಗಳ ವಿವರ ಹೆಚ್ಚಾಗಿ ಸಿಗುವುದು ಹೈಮಾರ್ಕ್‌ನಲ್ಲಿ. ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

ಪುಸ್ತಕದಲ್ಲಿ ಬರೆಯುವುದು

ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ಇಡೀ ಕೆಲಸದ ಮುಕ್ಕಾಲು ಪಾಲು ಇದರಲ್ಲಿದೆ, ಮತ್ತು ನಾನು ಮೊದಲು ತಪ್ಪಿದ್ದೂ ಇಲ್ಲೇ. ಸಿಟ್ಟಿನಲ್ಲಿ ಕೂತು ಎರಡೂವರೆ ಪುಟದ ದೂರು ಬರೆದೆ. ಅಮಾನುಷ, ರಕ್ತಪಿಪಾಸು, ಶೋಷಣೆ ಎಂದು ಏನೇನೋ ಇತ್ತು. ದಿನಾಂಕ ಇರಲಿಲ್ಲ. ಸಾಲದ ಖಾತೆಯ ಸಂಖ್ಯೆಯೂ ಇರಲಿಲ್ಲ. ಮೂವತ್ತೊಂದು ವರ್ಷ ಇನ್ನೊಬ್ಬರ ವೋಚರಿನಲ್ಲಿ ದಿನಾಂಕ ಇಲ್ಲವೆಂದು ಹಿಂದೆ ಕಳಿಸಿದವನು ನಾನು! "ಪರಿಶೀಲಿಸಲಾಗಿದೆ, ಲೋಪ ಕಂಡುಬಂದಿಲ್ಲ" ಎಂದು ಎರಡು ಸಾಲಿನ ಉತ್ತರ ಬಂತು. ನ್ಯಾಯವಾಗಿಯೇ ಬಂತು.

ಆಮೇಲೆ ಬರೆದದ್ದು ಹೀಗಿತ್ತು: "ಬುಧವಾರ, ಸಂಜೆ 7.30. ದಣಪೆಯ ಹೊರಗೆ. ಜೋರು ಮಳೆ. 'ಮಾರಲು ಒಂದು ಪಾತ್ರೆಯೂ ಇಲ್ಲವೇ' ಎಂದ. ಕೇಳಿಸಿಕೊಂಡವರು ಎದುರು ಮನೆಯ ಅಜ್ಜಿ, ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹುಡುಗ. ಬಾಕಿ ಕಂತು ಒಂದು. ಅದರ ಹಿಂದಿನ ಕಂತನ್ನು ಸಭೆಯಲ್ಲೇ ಕಟ್ಟಿದ್ದು, ರಸೀತಿ ಇದೆ."

ಇಷ್ಟರಲ್ಲಿ ಮೂರು ನಿಯಮಗಳು ಮುರಿದಿವೆ. ಕಿರುಸಾಲದ ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರನ್ನು ಸಂಪರ್ಕಿಸುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ನಡೆಯಬೇಕು. ಅಲ್ಲಿಗೆ ಎರಡು ಸಲ ಸತತವಾಗಿ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಅವಳು ತಪ್ಪಿಸಿದ್ದು ಒಂದೇ ಸಲ. ಮೂರನೆಯದು, ಬೆದರಿಸುವ, ಬೈಯುವ ಭಾಷೆ ಕೂಡದು. ನೆಂಟರಿಗೆ, ನೆರೆಯವರಿಗೆ, ಕೆಲಸದ ಜೊತೆಗಾರರಿಗೆ ಕಿರುಕುಳ ಕೊಡುವುದು, ಬಾಕಿದಾರರ ಹೆಸರನ್ನು ಹತ್ತು ಜನರ ಮುಂದೆ ಸಾರುವುದು ಇವೂ ನಿಷಿದ್ಧ.

ಬರೆಯಲು ಕಷ್ಟವಾಗುವ ಇನ್ನೊಂದು ಬಗೆಯಿದೆ. ಹುಡುಗ ಏನೂ ಅನ್ನುವುದಿಲ್ಲ. "ಇವಳ ಕಂತು ಬರುವವರೆಗೆ ಯಾರೂ ಏಳುವಂತಿಲ್ಲ" ಎಂದು ಗುಂಪಿನ ಉಳಿದ ಹೆಂಗಸರನ್ನು ಕೂರಿಸುತ್ತಾನೆ. ಹೊತ್ತು ಏರುತ್ತದೆ, ಮನೆಯಲ್ಲಿ ಮಕ್ಕಳು, ಕೊಟ್ಟಿಗೆಯಲ್ಲಿ ಕರು. ಕೊನೆಗೆ ಬೈಯುವವಳು ಅವಳ ಸ್ವಂತ ಓರಗಿತ್ತಿ. ಕಂಪನಿಯ ಕಡೆಯಿಂದ ಒಂದು ಕೆಟ್ಟ ಮಾತೂ ಇಲ್ಲ, ಲೆಕ್ಕ ಶುದ್ಧ. ಇಂಥದ್ದಾದಾಗ ಓರಗಿತ್ತಿ ಆಡಿದ ಮಾತನ್ನು ಬರೆಯಬೇಡಿ. ಏಳಬಾರದು ಎಂದವರು ಯಾರು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕೂರಿಸಿದರು ಎಂಬುದನ್ನು ಬರೆಯಿರಿ.

ಹತ್ತಿರದ ಬಾಗಿಲುಗಳು

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಅವರ ವಿಳಾಸ ಕಾರ್ಡಿನಲ್ಲೇ ಇರುತ್ತದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿಯನ್ನು ಪುಸ್ತಕಕ್ಕೆ ಅಂಟಿಸಿ. 30 ದಿನದೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿಗೆ, ಹೋಗಬಹುದು. ಶುಲ್ಕವಿಲ್ಲ, 14448ಕ್ಕೆ ಕರೆ ಮಾಡಿ ದಾರಿ ಕೇಳಬಹುದು. 2021ರಲ್ಲಿ ಈ ಯೋಜನೆಯನ್ನು ರೂಪಿಸಿದಾಗ ಅದರಲ್ಲಿಟ್ಟ ಒಂದು ಅಂಶ ನನಗೆ ಬಹಳ ಮೆಚ್ಚುಗೆಯಾಯಿತು: ಸಾಲಗಾರರ ಪರವಾಗಿ ಬೇರೆಯವರು ದೂರು ಕೊಡಬಹುದು, ಆದರೆ ಆ ಬೇರೆಯವರು ವಕೀಲರಾಗಿರಬಾರದು. ನಿವೃತ್ತ ಗುಮಾಸ್ತರಿಗೆಂದೇ ಮಾಡಿದ ಹಾಗಿದೆ.

ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ದಾರಿ ಬೇರೆ: ಜಿಲ್ಲಾಧಿಕಾರಿ ಮತ್ತು ಪೊಲೀಸ್ ಠಾಣೆ. ಕಿರುಸಾಲದ ವಸೂಲಿಯಲ್ಲಿ ಬಲವಂತ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾಯ್ದೆ ಮಾಡಿತು. ಬಲವಂತಕ್ಕೆ ಹತ್ತು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಠಾಣೆಯಲ್ಲಿ ದೂರು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಹಾಗೆಂದರೆ ಅದು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬಹುದಾದ ವಿಷಯ. ಆಯೋಗದ ಕಣ್ಣು ಸರ್ಕಾರಿ ನೌಕರರ ಮೇಲೆ, ಕಂತಿನ ಹುಡುಗನ ಮೇಲಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಬರೆಯಬೇಕು.

ಈ ಕಾಯ್ದೆ ಬಂದಾಗ ನಮ್ಮ ಕಡೆ ಸಾಲವೇ ಮನ್ನಾ ಆಯಿತೆಂಬ ಸುದ್ದಿ ಹಬ್ಬಿತ್ತು. ಆಗಿಲ್ಲ. ನೋಂದಣಿಯಾದ ಕಂಪನಿಯ ಸಾಲ ಸಾಲವೇ. ದೂರು ಕೊಟ್ಟೆವೆಂದು ಕಂತು ನಿಲ್ಲಿಸಿದರೆ ನಿಮ್ಮ ಪುಸ್ತಕದ ತೂಕವೇ ಇಳಿಯುತ್ತದೆ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದಂತೂ ಬೇಡವೇ ಬೇಡ.

ದುಡ್ಡಿನ ಮೂಲಕ್ಕೆ

ಇಲ್ಲಿಂದ ಮುಂದೆ ಜನ ಸಾಮಾನ್ಯವಾಗಿ ಹೋಗುವುದಿಲ್ಲ. ಅಷ್ಟು ದೂರದ ದುಡ್ಡಿಗೂ ನಮಗೂ ಏನು ಸಂಬಂಧ ಎನ್ನುತ್ತಾರೆ. ಮಲೆನಾಡಿನವರು ಹಾಗೆನ್ನಬಾರದು. ಕುದುರೆಮುಖದ ಗಣಿ ಹುಟ್ಟಿದ್ದು 1975ರಲ್ಲಿ ಇರಾನಿನ ದೊರೆಯೊಂದಿಗೆ ಆದ ಸಾಲದ ಒಪ್ಪಂದದಿಂದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆ ಓಡಿದ, ಇಲ್ಲಿ ಅದಿರು ಕೊಳ್ಳುವವರಿಲ್ಲದಾಯಿತು. ಬೆಟ್ಟ ಮಾತ್ರ ಅಗೆಸಿಕೊಳ್ಳುತ್ತಲೇ ಇತ್ತು, 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ನಿಲ್ಲುವವರೆಗೆ. ತೆಹರಾನಿನ ಖಜಾನೆಗೂ ಭದ್ರೆಯ ಕೆಂಪು ನೀರಿಗೂ ಸಂಬಂಧವಿತ್ತು.

ಸಂಘದ ಸಾಲದ ದುಡ್ಡೂ ಹಾಗೆಯೇ. ಬಾಂಗ್ಲಾದೇಶದಲ್ಲಿ 1983ರಲ್ಲಿ ಗ್ರಾಮೀಣ ಬ್ಯಾಂಕ್ ಶುರುವಾದಾಗ ಅದು ಬಡ ಹೆಂಗಸರಿಗೆ ಸಾಲ ಕೊಡುವ ಬ್ಯಾಂಕಾಗಿತ್ತು. 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಹೊತ್ತಿಗೆ ಕಿರುಸಾಲವು ದೊಡ್ಡ ಬಂಡವಾಳದ ಕಣ್ಣಿಗೆ ಬಿದ್ದಿತ್ತು. 2010ರ ಆಗಸ್ಟಿನಲ್ಲಿ ನಮ್ಮ ದೇಶದ ಒಂದು ದೊಡ್ಡ ಕಿರುಸಾಲ ಕಂಪನಿ ಷೇರುಪೇಟೆಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ, ಸಾಲಗಾರರ ಆತ್ಮಹತ್ಯೆಗಳ ಸುದ್ದಿಯ ನಡುವೆ, ಆಂಧ್ರ ಸರ್ಕಾರ ವಸೂಲಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಿತು. ಎರಡರ ನಡುವೆ ಎರಡೇ ತಿಂಗಳು.

ಹುಡುಕುವ ಕ್ರಮ ಹೀಗೆ. ಕಾರ್ಡಿನ ಮೇಲಿರುವ ಕಂಪನಿಯ ಪೂರ್ತಿ ಹೆಸರನ್ನು ಬರೆದುಕೊಳ್ಳಿ. ಊರಿನಲ್ಲಿ ಕರೆಯುವ ಹೆಸರು ಬೇಡ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಹೆಸರಿನಡಿ 'ಚಾರ್ಜ್‌ಗಳ ಸೂಚಿ' ಎಂಬುದು ಸಿಗುತ್ತದೆ. ಕಂಪನಿ ತನ್ನ ಆಸ್ತಿಯನ್ನು ಯಾರಿಗೆ ಆಧಾರವಾಗಿಟ್ಟು, ಎಷ್ಟು ಸಾಲ ಎತ್ತಿದೆ ಎಂಬ ಪಟ್ಟಿ ಅದು. ಆ ಆಸ್ತಿ ಎಂದರೆ ಏನು ಗೊತ್ತೇ? ನಮ್ಮ ಕೇರಿಯ ಹೆಂಗಸರು ಮುಂದೆ ಕಟ್ಟಲಿರುವ ಕಂತುಗಳೇ. ಅವಳಿಂದ ಅಡಮಾನ ಕೇಳಲಿಲ್ಲ, ಅವಳನ್ನೇ ಅಡಮಾನ ಇಟ್ಟರು ಎನ್ನಬೇಕೆನಿಸಿತು. ಸಿಟ್ಟಿನ ಮಾತು, ದೂರಿನಲ್ಲಿ ಬರೆಯಲಿಲ್ಲ.

ಈ ಪಟ್ಟಿಯಲ್ಲಿ ಟ್ರಸ್ಟಿ ಕಂಪನಿಗಳ ಹೆಸರು ಕಂಡರೆ ಅಲ್ಲೇ ನಿಲ್ಲಬೇಡಿ. ಅವರು ದೋಣಿ ದಾಟಿಸುವ ಅಂಬಿಗರು, ಹಣದ ಒಡೆಯರಲ್ಲ. ನಾನು ಮುಂಬೈಯ ಒಬ್ಬ ಟ್ರಸ್ಟಿಯನ್ನೇ ಸಾಲ ಕೊಟ್ಟವನೆಂದು ತಿಳಿದು ಒಂದು ವಾರ ಕಳೆದೆ. ಒಡೆಯರ ಹೆಸರು ಸಿಗುವುದು ರೇಟಿಂಗ್ ಸಂಸ್ಥೆಗಳ, ಅಂದರೆ ಕಂಪನಿಗೆ ಸಾಲ ತೀರಿಸುವ ಶಕ್ತಿ ಎಷ್ಟಿದೆಯೆಂದು ಅಳೆಯುವವರ, ವರದಿಯಲ್ಲಿ. ಕ್ರಿಸಿಲ್, ಇಕ್ರಾ, ಕೇರ್ ಇವುಗಳ ಜಾಲತಾಣದಲ್ಲಿ ಕಂಪನಿಯ ಹೆಸರು ಕೊಟ್ಟರೆ ವರದಿ ಉಚಿತವಾಗಿ ತೆರೆಯುತ್ತದೆ. ಮೇಲಿನ ಹೊಗಳಿಕೆಯನ್ನೆಲ್ಲ ದಾಟಿ ಕೊನೆಯ ಅನುಬಂಧಕ್ಕೆ ಹೋಗಿ. ಯಾವ ಬ್ಯಾಂಕಿನಿಂದ ಎಷ್ಟು ಕೋಟಿ ಎಂಬ ಪಟ್ಟಿ ಅಲ್ಲಿರುವುದುಂಟು. ಜೊತೆಗೆ ಕಂಪನಿಯ ವಾರ್ಷಿಕ ವರದಿಯಲ್ಲಿ ಷೇರುದಾರರ ಪುಟ, ವಿದೇಶಿ ಸಾಲದ ಟಿಪ್ಪಣಿ ನೋಡಿ. ಭಾಷೆ ಇಂಗ್ಲಿಷ್, ಪಿಯುಸಿ ಓದುವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

ಆ ಪಟ್ಟಿಯಲ್ಲಿ ವಿಶ್ವಬ್ಯಾಂಕ್ ಸಮೂಹದ ಅಂತಾರಾಷ್ಟ್ರೀಯ ಹಣಕಾಸು ನಿಗಮ, ಅಂದರೆ ಐಎಫ್‌ಸಿ ಇದ್ದರೆ ಅದರ ದೂರು ಕೇಳುವ ಕಚೇರಿ ವಾಷಿಂಗ್ಟನ್‌ನಲ್ಲಿದೆ, ಹೆಸರು ಸಿಎಒ, 1999ರಿಂದ ಇದೆ. ಡಚ್ಚರ ಎಫ್‌ಎಂಒ, ಜರ್ಮನಿಯ ಡಿಇಜಿ, ಫ್ರಾನ್ಸಿನ ಪ್ರೊಪಾರ್ಕೊ ಈ ಮೂರು ಅಭಿವೃದ್ಧಿ ಬ್ಯಾಂಕುಗಳಿಗೂ ಸೇರಿ ಒಂದು ಸ್ವತಂತ್ರ ದೂರು ವ್ಯವಸ್ಥೆಯಿದೆ. ಸಿಎಒಗೆ ಯಾವ ಭಾಷೆಯಲ್ಲಾದರೂ ಬರೆಯಬಹುದು, ಕನ್ನಡದಲ್ಲೂ. ಅವರು ಮೊದಲು ನೋಡುವುದು ಮೂರನ್ನು: ಐಎಫ್‌ಸಿ ಹಣ ಅದರಲ್ಲಿದೆಯೇ, ವಿಷಯ ಜನಜೀವನಕ್ಕೋ ಪರಿಸರಕ್ಕೋ ಸಂಬಂಧಿಸಿದ್ದೇ, ದೂರು ಕೊಡುವವರಿಗೆ ತೊಂದರೆಯಾಗಿದೆಯೇ ಅಥವಾ ಆಗಬಹುದೇ. ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಳ್ಳಬಹುದು, ಕೇಳಿಕೊಳ್ಳಿ. ಕಾಂಬೋಡಿಯಾದ ಮಾನವ ಹಕ್ಕು ಸಂಘಟನೆಗಳು ಅಲ್ಲಿನ ಕಿರುಸಾಲ ಸಂಸ್ಥೆಗಳ ವಿರುದ್ಧ 2022ರಲ್ಲಿ ಹೋದದ್ದು ಇದೇ ಬಾಗಿಲಿಗೆ.

ಆ ಬಾಗಿಲಿನ ಆಚೆ ಏನಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬಾರದು. ಸಿಎಒ ನ್ಯಾಯಾಲಯವಲ್ಲ. ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತದೆ, ಇಲ್ಲವೇ ಐಎಫ್‌ಸಿ ತನ್ನ ನಿಯಮವನ್ನು ತಾನೇ ಪಾಲಿಸಿತೇ ಎಂದು ತನಿಖೆ ಮಾಡುತ್ತದೆ. ಗುಜರಾತಿನ ಮುಂದ್ರಾದಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಐಎಫ್‌ಸಿ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಮೀನುಗಾರರು ದೂರು ಕೊಟ್ಟರು. 2013ರಲ್ಲಿ ಸಿಎಒ ಐಎಫ್‌ಸಿಯ ಲೋಪಗಳನ್ನು ಎತ್ತಿ ತೋರಿಸಿತು. ಏನೂ ಬದಲಾಗಲಿಲ್ಲವೆಂದು ಅವರು ಅಮೆರಿಕದ ನ್ಯಾಯಾಲಯಕ್ಕೆ ಹೋದರು. ಇಂಥ ಸಂಸ್ಥೆಗೆ ಸಂಪೂರ್ಣ ರಕ್ಷಣೆ ಇಲ್ಲ, ಅದರ ಮೇಲೆ ದಾವೆ ಹೂಡಬಹುದು ಎಂದು 2019ರ ಫೆಬ್ರುವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7–1ರಲ್ಲಿ ತೀರ್ಪು ಕೊಟ್ಟಿತು. ಆದರೆ ಕೆಳಗಿನ ನ್ಯಾಯಾಲಯಗಳು, ಈ ಪ್ರಕರಣದ ಮೂಲ ಅಮೆರಿಕದಲ್ಲಿಲ್ಲ ಎಂದು ದಾವೆಯನ್ನು ವಜಾ ಮಾಡಿದವು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೈ ಹಾಕಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹಾಗಾದರೆ ಇಷ್ಟೆಲ್ಲ ಹುಡುಕಿ ಏನು ಬಂತು? ನಾನು ಯುರೋಪಿಗೂ ಬರೆಯಲಿಲ್ಲ, ವಾಷಿಂಗ್ಟನ್‌ಗೂ ಬರೆಯಲಿಲ್ಲ. ಕಂಪನಿಗೆ ಎರಡನೆಯ ದೂರು ಬರೆದೆ, ಒಂದೇ ಪುಟ. ಖಾತೆ ಸಂಖ್ಯೆ, ನೋಟ್‌ಬುಕ್ಕಿನ ಆ ಆರು ಸಾಲು, ಮುರಿದ ಮೂರು ನಿಯಮ, ಅರ್ಜಿಯಲ್ಲಿ ಬರೆದ 20,000 ಆದಾಯಕ್ಕೆ ಆಧಾರ ಕೇಳುವ ಒಂದು ವಾಕ್ಯ. ಕೊನೆಯಲ್ಲಿ, "ವ್ಯವಹಾರ ಮತ್ತು ಮಾನವ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2011ರ ಮಾರ್ಗದರ್ಶಿ ತತ್ವಗಳನ್ನು ಪಾಲಿಸುವುದಾಗಿ ನಿಮಗೆ ಸಾಲ ಕೊಟ್ಟವರು ತಮ್ಮ ನೀತಿಯಲ್ಲಿ ಬರೆದಿದ್ದಾರೆ" ಎಂಬ ಸಾಲು. ಅದರ ಕೆಳಗೆ "ಪ್ರತಿ:" ಎಂದು ಹಾಕಿ ಆ ಅಭಿವೃದ್ಧಿ ಬ್ಯಾಂಕಿನ ದೂರು ವಿಭಾಗದ ವಿಳಾಸ. ಪ್ರತಿಯನ್ನು ಇನ್ನೂ ಕಳಿಸಿರಲಿಲ್ಲ.

ಒಂಬತ್ತನೆಯ ದಿನ ಕಂಪನಿಯ ಮೇಲಿನವರೊಬ್ಬರು ಫೋನ್ ಮಾಡಿದರು. ಅವಳ ಬಗ್ಗೆ ಏನನ್ನೂ ಕೇಳುವ ಮೊದಲು ಕೇಳಿದ್ದು, "ಈ ಬ್ಯಾಂಕಿನ ಹೆಸರು ನಿಮಗೆ ಎಲ್ಲಿ ಸಿಕ್ಕಿತು?" ನಿಮ್ಮದೇ ವಾರ್ಷಿಕ ವರದಿಯಲ್ಲಿ ಎಂದು ಪುಟದ ಸಂಖ್ಯೆ ಹೇಳಿದೆ.

ಸಾಲ ಕಡಿಮೆಯಾಗಲಿಲ್ಲ, ಬಡ್ಡಿಯೂ ಇಳಿಯಲಿಲ್ಲ. ಮಳೆಗಾಲದ ಎರಡು ಕಂತುಗಳನ್ನು ದಂಡವಿಲ್ಲದೆ ಹಂಗಾಮಿಗೆ ಮುಂದೂಡಿ, ಬರಹದಲ್ಲಿ ಕೊಟ್ಟರು. ಆ ಕಾಗದವೂ ಪುಸ್ತಕದಲ್ಲಿ ಅಂಟಿಕೊಂಡಿದೆ. ಅವಳಿಗೆ ಇನ್ನು ಹನ್ನೊಂದು ಕಂತುಗಳಿವೆ. ಕಂತಿನ ದಿನ ಬೆಳಿಗ್ಗೆ ಹತ್ತಕ್ಕೆ ಅಂಗನವಾಡಿಯ ಜಗಲಿಯಲ್ಲಿ ಕಟ್ಟುತ್ತಾಳೆ. ರಸೀತಿ ಕೈಗೆ ಬರುವವರೆಗೆ ನೋಟನ್ನು ಬಿಡುವುದಿಲ್ಲ.